ತಿಪ್ಪವ್ವ ಎಂಬ ಕ್ಷುದ್ರಗ್ರಹ

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಲಕ್ಷಾಂತರ ಕ್ಷುದ್ರಗ್ರಹಗಳಲ್ಲಿ ಒಂದಕ್ಕೆ ತಿಪ್ಪವ್ವ ಎಂಬ ಹೆಸರಿತ್ತು. ಈಗ ಇಲ್ಲ. ಪಟ್ಟಿಯಲ್ಲಿ ಹುಡುಕಿದರೆ ಅದೇ ಸಂಖ್ಯೆಯ ಮುಂದೆ ಬೇರೊಂದು ಹೆಸರು ಸಿಗುತ್ತದೆ. ಅದು ಕೇಳಲು ಚೆನ್ನಾಗಿಯೂ ಇದೆ.

ಅದೇನೂ ದೊಡ್ಡ ಗ್ರಹವಲ್ಲ. ಗದಗದಿಂದ ಕಪ್ಪತಗುಡ್ಡದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಒಂಟಿ ದಿಬ್ಬದಷ್ಟು. ಬಣ್ಣ ಇದ್ದಿಲಿನದು. ಅದನ್ನು ಕಲ್ಲು ಎನ್ನುವುದು ರೂಢಿ. ನಿಜದಲ್ಲಿ ಅದು ಜೇಡಿಮಣ್ಣಿನ ಗಟ್ಟಿ ಮುದ್ದೆ, ಅದರ ಕಣಕಣದಲ್ಲೂ ನೀರು ಸಿಕ್ಕಿಹಾಕಿಕೊಂಡಿರುತ್ತದೆ. ಕಾಯಿಸಿದರೆ ನೀರು ಆವಿಯಾಗಿ ಹೊರಬರುತ್ತದೆ. ಚಂದ್ರನ ಮೇಲೆ ಊರುಗಳು ಹುಟ್ಟಿಕೊಂಡ ಮೇಲೆ ಈ ನೀರಿಗೆ ಬೇಡಿಕೆ ಬಂತು. ಯಂತ್ರಗಳು ಹೋದವು, ಯಂತ್ರಗಳನ್ನು ರಿಪೇರಿ ಮಾಡಲು ಮನುಷ್ಯರೂ ಹೋದರು.

ಹಾಗೆ ಹೋದವರಲ್ಲಿ ಬೆಟಗೇರಿಯ ತೇಜಸ್ವಿನಿ ಒಬ್ಬಳು. ಯಂತ್ರವನ್ನು ಕಲ್ಲಿಗೆ ಬಿಗಿದಿದ್ದ ಉಕ್ಕಿನ ಹಗ್ಗ ಹರಿದು ಬಡಿದು ಅವಳು ಸತ್ತಳು. ಶವವನ್ನು ಭೂಮಿಗೆ ತರುವಷ್ಟು ಇಂಧನ ಹಡಗಿನಲ್ಲಿ ಇರಲಿಲ್ಲ. ಜೊತೆಗಿದ್ದವರು ಕಲ್ಲಿನ ಧ್ರುವದ ಹತ್ತಿರ, ಶಿಬಿರದ ಪಕ್ಕದಲ್ಲೇ, ಒಂದು ಕುಳಿ ಕೊರೆದು ಅವಳನ್ನು ಇಳಿಸಿದರು. ಮೇಲೆ ಅಲ್ಲಿಯದೇ ಮಣ್ಣು, ಅಲ್ಲಿಯದೇ ನೀರು ಕಲಸಿ ತುಂಬಿದರು. ಅದು ಹೆಪ್ಪುಗಟ್ಟಿತು. ಕುಳಿಯ ಬಾಯಿಗೆ ಒಂದು ಸಣ್ಣ ರೇಡಿಯೊ ಪೆಟ್ಟಿಗೆ ನೆಟ್ಟರು. ಸುತ್ತಲಿನ ಹಡಗುಗಳಿಗೆ ಗುರುತಿಗೆಂದು ಆ ಪೆಟ್ಟಿಗೆ ಆಗಾಗ ಕಲ್ಲಿನ ಹೆಸರನ್ನು ಕಳಿಸುತ್ತಿರಬೇಕು.

ಆದರೆ ಕಲ್ಲಿಗೆ ಹೆಸರೇ ಇರಲಿಲ್ಲ, ಬರೀ ಸಂಖ್ಯೆ. ಕ್ಷುದ್ರಗ್ರಹ ಮಂಡಳಿಯ ನಿಯಮದಂತೆ, ಒಂದು ಕಲ್ಲಿನ ಮೇಲೆ ಯಾರಾದರೂ ಸತ್ತರೆ ಹೆಸರಿಡುವ ಹಕ್ಕು ಅವರ ಮನೆಯವರದು. ಹಾಗೆ ಹೆಸರು ಪಡೆದದ್ದು ಸ್ಮಾರಕ ಶಿಲೆ ಎನಿಸಿಕೊಳ್ಳುತ್ತದೆ. ಅದರಿಂದ ಮಾರಲು ನೀರು ತೆಗೆಯುವ ಹಾಗಿಲ್ಲ. ತೇಜಸ್ವಿನಿಯ ತಾಯಿ ಕಾಶವ್ವ ಹೆಸರು ಬರೆಸಲು ಮುಂಡರಗಿ ರಸ್ತೆಯಲ್ಲಿದ್ದ, ಆಕಾಶದ ಯಂತ್ರಗಳನ್ನು ನಡೆಸುವ ಭೂಕೇಂದ್ರಕ್ಕೆ ಬಂದಳು. ಚಿಕ್ಕ ಮಗಳು ವನಮಾಲಾ ಅಲ್ಲಿಯೇ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳೇ ತಾಯಿಯ ಕೈ ಹಿಡಿದು ಕೇಂದ್ರದ ಮುಖ್ಯಸ್ಥ ಶಿಗ್ಲಿಯವರ ಕೋಣೆಗೆ ಕರೆತಂದಳು.

"ಬರ್ರಿ ಕಾಶವ್ವಾರ, ಕುಂದರ್ರಿ," ಎಂದರು ಶಿಗ್ಲಿ. "ತೇಜಸ್ವಿನಿ ಅಂತ ಬರಿಯೂನಲ್ರಿ?"

"ಬ್ಯಾಡ್ರಿ. ತಿಪ್ಪವ್ವ ಅಂತ ಬರ್ಕೋರಿ."

ಶಿಗ್ಲಿಯವರು ವನಮಾಲಾಳ ಮುಖ ನೋಡಿದರು. ಅವಳು ಗೋಡೆ ನೋಡಿದಳು.

"ತಿಪ್ಪವ್ವ ಅಂದ್ರ... ಕಸದ ತಿಪ್ಪಿ?"

"ಹೂನ್ರಿ, ಅದ ತಿಪ್ಪಿ."

"ಜಗತ್ತಿನ ಮಂದಿ ಎಲ್ಲಾ ಓದ್ತಾರವ್ವ. ಒಮ್ಮೆ ಇಟ್ರ ಸಾವಿರ ವರ್ಷ ಇರೂ ಹೆಸರಿದು."

"ಓದ್ಲಿ ಬಿಡ್ರಿ. ಓದಿ, ಮೂಗ ಮುಚ್ಕೊಂಡು ಮುಂದ ಹೋಗ್ಲಿ."

ವನಮಾಲಾಳಿಗೆ ನಾಚಿಕೆಯಾಯಿತು. ಅಕ್ಕ ಸತ್ತ ದುಃಖದ ನಡುವೆಯೂ ನಾಚಿಕೆ ಆಗುತ್ತದಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಆದರೆ ತಾಯಿಯ ಮಾತಿನ ಹಿಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ ಅದು.

ಕಾಶವ್ವನ ಮೊದಲ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಎರಡಕ್ಕೂ ಒಳ್ಳೊಳ್ಳೆಯ ಹೆಸರು ಇಟ್ಟಿದ್ದರು. ಮೂರನೆಯದು ಹುಟ್ಟಿದಾಗ ಓಣಿಯ ಹಿರಿಯರು ಆ ಕೂಸನ್ನು ಮೊರದಲ್ಲಿ ಹಾಕಿ ಹೊರಗೆ ಒಯ್ದು ತಿಪ್ಪೆಯ ಮೇಲೆ ಇಟ್ಟರು. ಪಕ್ಕದ ಮನೆಯವಳು ಅದನ್ನು ಎತ್ತಿಕೊಂಡು ಬಂದು, "ತಿಪ್ಯಾಗ ಒಂದು ಕೂಸು ಸಿಕ್ಕೇತಿ, ಬೇಕೇನ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಕಾಶವ್ವ ಒಂದು ಮುಷ್ಟಿ ತೌಡು ಕೊಟ್ಟು ತನ್ನ ಮಗಳನ್ನು ತಾನೇ ಕೊಂಡಳು. ಯಾರಿಗೂ ಬೇಡದ ಕೂಸು ಸಾವಿಗೂ ಬೇಡವಾಗಲಿ ಎಂದು ಇದೆಲ್ಲ. ಆಮೇಲೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ "ಕುರ್ರ್... ತಿಪ್ಪವ್ವ" ಎಂದಳು. ಹೆಸರಿಟ್ಟವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದಬೇಕು, ಅದು ಪದ್ಧತಿ. ಎಲ್ಲರೂ ನಗುತ್ತಾ ಗುದ್ದಿದರು. ಕಾಶವ್ವ ಬಾಣಂತಿಯಾದರೂ ಎದ್ದು ಬಂದು ಎಲ್ಲರಿಗಿಂತ ಜೋರಾಗಿ ಗುದ್ದಿದಳಂತೆ.

ಕೂಸು ಉಳಿಯಿತು. ಗುಂಡುಕಲ್ಲಿನ ಹಾಗೆ ಬೆಳೆಯಿತು. ಶಾಲೆಯಲ್ಲಿ ಹುಡುಗರು ಅವಳು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವಾಗ ಅವಳು ಊಟ ಬಿಟ್ಟು ಹಟ ಹಿಡಿದು ತೇಜಸ್ವಿನಿ ಎಂದು ಬದಲಾಯಿಸಿಕೊಂಡಳು. ಕಾಶವ್ವ ಬೇಡವೆನ್ನಲಿಲ್ಲ, ಮನೆಯಲ್ಲಿ ಮಾತ್ರ ಕೊನೆಯವರೆಗೂ ತಿಪ್ಪಿ ಎಂದೇ ಕರೆದಳು. ಹೆಸರು ಬದಲಾಯಿಸಿದ್ದರಿಂದಲೇ ಮಗಳು ಹೋದಳು ಎಂದು ಅವಳು ಯಾರ ಮುಂದೆಯೂ ಹೇಳಿದವಳಲ್ಲ.

ಹೆಸರು ನೋಂದಣಿಯಾಯಿತು.

ಆಮೇಲೆ ಹಲವು ವರ್ಷ ತಿಪ್ಪವ್ವನನ್ನು ಯಾರೂ ಕೇಳಲಿಲ್ಲ. ವನಮಾಲಾ ಮತ್ತು ಅವಳ ಜೊತೆಗಾರ ರಾಜೇಸಾಬ ನದಾಫ ಬೇರೆ ಕಲ್ಲುಗಳ ಮೇಲಿನ ಯಂತ್ರಗಳನ್ನು ನಡೆಸುತ್ತಿದ್ದರು. ನಡೆಸುವುದೆಂದರೆ ಕಾಯುವುದು. ಇಲ್ಲಿಂದ ಹೊರಟ ಆಜ್ಞೆ ಬೆಳಕಿನ ವೇಗದಲ್ಲಿ ಹೋದರೂ ಅಲ್ಲಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಆ ಹೊತ್ತಿನಲ್ಲಿ ಕಳಿಸಿದ ಆಜ್ಞೆಯ ಬಗ್ಗೆ ಯಾರೂ ಮಾತಾಡಬಾರದು ಎಂಬ ರೂಢಿ ಕೊಠಡಿಯಲ್ಲಿ ಹೇಗೋ ಬೆಳೆದಿತ್ತು. ತಪ್ಪಾಗಿದ್ದರೂ ಹಿಂದಕ್ಕೆ ಕರೆಯಲು ಆಗದು. ಮಾತಾಡಿ ಹೊಟ್ಟೆ ಉರಿಸಿಕೊಳ್ಳುವುದೇಕೆ? ಅದಕ್ಕೇ ಚಹಾ ಕುಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಮೂಲೆಯ ಪರದೆಯ ಮೇಲೆ ಒಮ್ಮೊಮ್ಮೆ 'ತಿಪ್ಪವ್ವ' ಎಂದು ಮೂಡಿ ಮಾಯವಾಗುತ್ತಿತ್ತು.

"ನಿಮ್ಮಕ್ಕ ಮಾತಾಡಿದ್ಲು ನೋಡ್ರಿ ಮೇಡಂ," ಎನ್ನುತ್ತಿದ್ದ ರಾಜೇಸಾಬ. "ಚಹಾಕ್ಕ ಸಕ್ಕರಿ ಕಡಿಮಿ ಆಗೇತಿ ಅಂತಾಳ."

"ಆಕಿ ಸಕ್ಕರಿ ಇಲ್ಲದ ಕುಡೀತಿದ್ಲೋ ಮಾರಾಯಾ."

ಮೊದಮೊದಲು ವನಮಾಲಾಳಿಗೆ ಆ ಹೆಸರು ಕಂಡಾಗ ಮುಜುಗರವಾಗುತ್ತಿತ್ತು. ಆಮೇಲೆ ಅದು ಕಾಣದ ದಿನ ಏನೋ ಕಳೆದಂತಾಗುತ್ತಿತ್ತು.

ಮಂಡಳಿಯ ಪ್ರಕಟಣೆ ಬಂದದ್ದು ಒಂದು ಬೇಸಿಗೆಯಲ್ಲಿ. ಸ್ಮಾರಕ ಶಿಲೆಗಳು ಬಹಳವಾಗಿವೆ, ನೀರು ಸಾಲದು, ಆದ್ದರಿಂದ ಹನ್ನೆರಡನ್ನು ಮಾತ್ರ ಉಳಿಸಿ ಉಳಿದವುಗಳ ರಕ್ಷಣೆ ತೆಗೆಯಲಾಗುವುದು. ಯಾವುದನ್ನು ಉಳಿಸಬೇಕೆಂದು ಜನರೇ ಆರಿಸಲಿ. ಎಲ್ಲ ದೇಶಗಳ ಶಾಲೆಗಳಲ್ಲಿ, ಮನೆಗಳಲ್ಲಿ, ಬಸ್ಸಿನಲ್ಲಿ ಕುಳಿತು ಜನ ಆರಿಸತೊಡಗಿದರು. ಎಲ್ಲ ಕಲ್ಲುಗಳ ಚಿತ್ರವೂ ಒಂದೇ ಥರ, ಕಪ್ಪು ಆಲೂಗಡ್ಡೆಯಂತೆ. ಬೇರೆಯಾಗಿದ್ದದ್ದು ಹೆಸರು ಮಾತ್ರ. ಅಮೃತಾ, ಸೊಫಿಯಾ, ಬೆಳ್ಳಿಚುಕ್ಕಿ ಮೇಲೇರಿದವು. ತಿಪ್ಪವ್ವ ಪಟ್ಟಿಯ ತಳದಲ್ಲಿ ಕುಳಿತಿತ್ತು. ಯಾರೋ ಅದರ ಅರ್ಥವನ್ನು ನಾಲ್ಕಾರು ಭಾಷೆಗೆ ಅನುವಾದಿಸಿ ನಗೆಚಿತ್ರ ಮಾಡಿ ಹಂಚಿದರು.

"ಹೆಸರು ಬದಲಿ ಮಾಡಾಕ ಅವಕಾಶ ಐತಿ," ಎಂದರು ಶಿಗ್ಲಿ. "ರಕ್ತಸಂಬಂಧಿ ಯಾರರೆ ಒಬ್ಬರು ಸಹಿ ಮಾಡಿದ್ರ ಸಾಕು. ಆದ್ರ ಒಮ್ಮೆ ಅಷ್ಟ. ವಿಚಾರ ಮಾಡ್ರಿ. ರಕ್ಷಣೆ ಹೋತಂದ್ರ ಯಾರರೆ ಬಂದು ಕಾಯಿಸಿ ನೀರು ತಗೀಬೋದು. ಅಲ್ಲಿ ಮಲಗಿದಾಕೀನ್ನ ಯಂತ್ರ ನೋಡಂಗಿಲ್ಲ."

ಅಂದು ಸಂಜೆ ವನಮಾಲಾ ಮನೆಗೆ ಹೋದಾಗ ಕಾಶವ್ವ ರಾಟೆಯ ಮುಂದೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

"ಬೇ, ಅಕ್ಕನ ಕಲ್ಲು ಒಡೀತಾರಂತ."

"ಯಾಕ?"

"ಹೆಸರು ಚಲೋ ಇಲ್ಲಂತ ಯಾರೂ ಆರಿಸವಲ್ರು. ತೇಜಸ್ವಿನಿ ಅಂತ ಮಾಡೂನು. ಆಕೀಗೂ ಅದ ಹೆಸರು ಬೇಕಿತ್ತು."

ರಾಟೆ ನಿಲ್ಲಲಿಲ್ಲ. "ಆಕೀಗೆ ಏನೇನೋ ಬೇಕಿತ್ತು. ಆ ಹೆಸರು ಇಟ್ಟ ಮ್ಯಾಲೆ ಇಷ್ಟ ವರ್ಷ ಯಾರರೆ ಆಕೀನ್ನ ಮುಟ್ಯಾರೇನು?"

"ಇಷ್ಟ ದಿನ ಕಾಯ್ದೆ ಇತ್ತು ಬೇ. ಈಗ ಕಾಯ್ದೆನ ಹೊಂಟೈತಿ. ಈಗ ಮಂದಿ ಕಣ್ಣಿಗೆ ಬಿದ್ರ ಉಳೀತೈತಿ."

"ಮಂದಿ ಕಣ್ಣಿಗೆ ಬಿದ್ದದ್ದು ಯಾವುದು ಉಳದೈತಿ, ಹೇಳು?"

ವನಮಾಲಾ ಓದಿದವಳು, ಮತಗಳ ಎಣಿಕೆ ಏನು, ರಕ್ಷಣೆ ಏನು ಎಂದು ತಿಳಿದವಳು. ತಾಯಿಯ ಭಯಕ್ಕೆ ಅಕ್ಕನ ಮಣ್ಣನ್ನು ಬಲಿಕೊಡುವುದು ಅವಳಿಗೆ ತಪ್ಪೆನಿಸಿತು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೆಯ ದಿನ ತಾಯಿಗೆ ಹೇಳದೆ ಸಹಿ ಮಾಡಿದಳು. ಕಲ್ಲಿನ ಮೇಲಿನ ಪೆಟ್ಟಿಗೆಗೆ ಹೊಸ ಹೆಸರನ್ನೂ ಅವಳೇ ಕಳಿಸಿದಳು. ನಲವತ್ತು ನಿಮಿಷದ ಮೇಲೆ ಮೂಲೆಯ ಪರದೆಯಲ್ಲಿ 'ತೇಜಸ್ವಿನಿ' ಎಂದು ಮೂಡಿತು. ರಾಜೇಸಾಬ ನೋಡಿದ. ಆ ಸಲ ಅವನು ಚಹಾದ ಮಾತು ಎತ್ತಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ವನಮಾಲಾ ಅಕ್ಕನ ಬಗ್ಗೆ ನಾಲ್ಕು ಸಾಲು ಬರೆದು ಚಿತ್ರದ ಕೆಳಗೆ ಹಾಕಿದಳು: ನೇಕಾರರ ಮನೆಯ ಹುಡುಗಿ, ಸ್ಪ್ಯಾನರ್ ಹಿಡಿದು ಆಕಾಶಕ್ಕೆ ಹೋದವಳು. ಮಕ್ಕಳಿಗೆ ಅದು ಹಿಡಿಸಿತು. ಎಲ್ಲೋ ಒಂದು ಶಾಲೆಯವರು ತೇಜಸ್ವಿನಿಯ ಮೇಲೆ ಹಾಡು ಕಟ್ಟಿದರು, ಇನ್ನೆಲ್ಲೋ ಗೊಂಬೆ ಮಾಡಿದರು. ಕಲ್ಲು ತಳದಿಂದ ಮೇಲೆ ಬಂತು. ಎಣಿಕೆ ಮುಗಿದ ದಿನ ಅದೇ ಮೊದಲನೆಯದಾಗಿತ್ತು.

ಕಾಶವ್ವನಿಗೆ ಗೊತ್ತಾದದ್ದು ಮರುದಿನ. ಓಣಿಯ ಶಾಲೆಯ ಮಕ್ಕಳು ಸಾಲಾಗಿ ಬಂದು ಬಾಗಿಲಲ್ಲಿ ಹೂ ಕೊಟ್ಟು, "ತೇಜಸ್ವಿನಿ ಅವ್ವಗ ಜೈ" ಎಂದು ಕೂಗಿ ಹೋದರು. ವನಮಾಲಾ ಮನೆಗೆ ಬರುವಷ್ಟರಲ್ಲಿ ಹೂವೆಲ್ಲ ಕಟ್ಟೆಯ ಮೇಲೆ ಬಾಡಿದ್ದವು.

"ಬದಲಿ ಮಾಡಿದಾಕಿ ನೀನ?"

"ಹೂಂ ಬೇ. ಆದ್ರ ಉಳೀತು ನೋಡು. ಎಲ್ಲಾರಿಗಿಂತ ಮ್ಯಾಲ ಬಂದಾಳ."

"ಮ್ಯಾಲ ಬಂದಾಳ," ಎಂದಳು ಕಾಶವ್ವ. ಅದನ್ನು ಬಯ್ಯುವ ದನಿಯಲ್ಲಿ ಹೇಳಲಿಲ್ಲ, ಯಾರದೋ ವಿಳಾಸ ಕೇಳಿ ತಿಳಿದುಕೊಂಡವಳ ಹಾಗೆ ಹೇಳಿದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಳಿಯಿಂದ ಎರಡನೆಯ ಪ್ರಕಟಣೆ ಬಂತು. ಜಗತ್ತಿನ ಮಕ್ಕಳು ಇಷ್ಟೊಂದು ಪ್ರೀತಿಸಿದ ಶಿಲೆಯನ್ನು ಯಾರ ಕಣ್ಣಿಗೂ ಬೀಳದಷ್ಟು ದೂರದಲ್ಲಿ ಬಿಡುವುದು ಸರಿಯಲ್ಲ. ತೇಜಸ್ವಿನಿಯನ್ನು ಚಂದ್ರನ ಹತ್ತಿರಕ್ಕೆ ತಂದು, ಪ್ರತಿಯೊಂದು ಮಗುವೂ ಹೋಗಿ ನೋಡಬಹುದಾದ ಸ್ಮಾರಕ ಮಾಡಲಾಗುವುದು. ನೀರು ಮಾರಲು ತೆಗೆಯುವುದನ್ನಷ್ಟೇ ಕಾನೂನು ತಡೆದಿತ್ತು. ಸ್ಥಳಾಂತರದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಅಷ್ಟು ದೊಡ್ಡ ಕಲ್ಲನ್ನು ತಳ್ಳಲು ಇಂಧನ ಎಲ್ಲಿಂದ? ಅದರ ನೀರಿನಿಂದಲೇ. ಮಣ್ಣು ಕಾಯಿಸಿ ಹೊರಟ ಆವಿಯನ್ನು ಒಂದೇ ದಿಕ್ಕಿಗೆ ಚಿಮ್ಮಿಸಿದರೆ ಕಲ್ಲು ಎದುರು ದಿಕ್ಕಿಗೆ ನಿಧಾನವಾಗಿ ಸರಿಯುತ್ತದೆ. ಚಂದ್ರನ ಹತ್ತಿರ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲು ಪುಡಿಯಾಗಿ ಹೋಗಿರುತ್ತದೆ. ಕಲ್ಲು ತನ್ನ ಸುತ್ತ ತಾನೇ ತಿರುಗುತ್ತಿರುವುದರಿಂದ, ಯಂತ್ರವನ್ನು ಅದರ ಧ್ರುವದಲ್ಲೇ ಕೂಡಿಸಬೇಕು. ಬೇರೆಲ್ಲಿ ಕೂಡಿಸಿದರೂ ಅದು ತಲೆಸುತ್ತಿದವರಂತೆ ಓಲಾಡುತ್ತದೆ. ಧ್ರುವದಲ್ಲಿ ಅಕ್ಕನ ಕುಳಿ ಇತ್ತು.

ವನಮಾಲಾ ಶಿಗ್ಲಿಯವರ ಕೋಣೆಗೆ ಓಡಿದಳು.

"ಸರ್, ಕುಳಿ ಅಲ್ಲೇ ಐತಿ. ಯಂತ್ರದ ಗೂಟ ಹೊಡಿಯೂದ ಅಲ್ಲಿ."

"ಗೊತ್ತೈತಿ. 'ಗೌರವದಿಂದ ಬೇರೆ ಕಡೆ ಇಡ್ತೀವಿ' ಅಂತ ಬರದಾರ."

"ಹೆಂಗ ಇಡ್ತಾರ್ರಿ? ಅಲ್ಲೇ ಬಿಟ್ಟುಬಂದ ಹಳೇ ಯಂತ್ರಕ್ಕ ಅಗಿಯೂದು, ಅರಿಯೂದು, ಕಾಯಿಸೂದು ಅಷ್ಟ ಬರ್ತೈತಿ. ಮನುಷ್ಯಾರನ್ನ ಎತ್ತಾಕ ಬರ್ತೈತೇನ್ರಿ?"

ಶಿಗ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರೇನೂ ಕೆಟ್ಟ ಮನುಷ್ಯರಲ್ಲ. "ನಾ ನಿಮಗ ಹೆಸರು ಬದಲಿ ಮಾಡ್ರಿ ಅಂದೆ. ಹಿಂಗಾಗ್ತೈತಿ ಅಂತ ನನಗೂ ಗೊತ್ತಿರಲಿಲ್ಲ."

"ಹೆಸರು ತಿರುಗಿ ತಗೊಂಡ್ರ?"

"ಒಮ್ಮೆ ಅಷ್ಟ ಅವಕಾಶ ಇತ್ತು ವನಮಾಲಾ."

"ತಳದಾಗ ಉಳದ ಕಲ್ಲುಗೋಳ ಕತಿ ಏನಾತ್ರಿ?"

ಶಿಗ್ಲಿ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು. ಚಂದ್ರನ ಊರುಗಳಲ್ಲಿ ಯಾವ ಕಲ್ಲಿನ ನೀರೋ ಆ ಕಲ್ಲಿನ ಹೆಸರಿನಲ್ಲೇ ಬಾಟಲಿಗೆ ತುಂಬಿ ಮಾರುತ್ತಾರೆ. ಅಪಹಾಸ್ಯಕ್ಕೆ ಈಡಾದ ಹೆಸರಿನ ನೀರನ್ನು ಯಾರು ಕುಡಿಯುತ್ತಾರೆ? ಪಟ್ಟಿಯ ತಳದಲ್ಲಿದ್ದ ಕಲ್ಲುಗಳ ರಕ್ಷಣೆ ಹೋಯಿತೇನೋ ನಿಜ, ಆದರೆ ಒಂದಕ್ಕೂ ಒಬ್ಬ ಕಂಪನಿಯವನೂ ಅರ್ಜಿ ಹಾಕಿರಲಿಲ್ಲ. ಅವು ಮೊದಲಿನಂತೆಯೇ ತಿರುಗುತ್ತಿದ್ದವು. ಯಂತ್ರ ಇಳಿದದ್ದು ನಡುವಿನ, ಒಂದಿಷ್ಟು ಚೆಂದದ ಹೆಸರಿನ ಕಲ್ಲುಗಳ ಮೇಲೆ.

ವನಮಾಲಾ ಆ ಕೋಣೆಯಿಂದ ಹೊರಬಂದು ಕೈತೊಳೆಯುವ ನಲ್ಲಿಯ ಮುಂದೆ ಬಹಳ ಹೊತ್ತು ನಿಂತಳು. ನೀರು ಬಿಡಲಿಲ್ಲ.

ಗೂಟ ಇಳಿಸುವ ಮೊದಲ ಆಜ್ಞೆಯನ್ನು ತಂಗಿಯೇ ಕಳಿಸಬೇಕು, ತಾಯಿ ಮುಖ್ಯ ಅತಿಥಿಯಾಗಿ ಬರಬೇಕು ಎಂದು ಮಂಡಳಿ ಬಯಸಿತು. ವನಮಾಲಾ ಒಲ್ಲೆ ಎಂದಳು. ಒಲ್ಲೆ ಎಂದರೆ ಬೇರೆಯವರು ಕಳಿಸುತ್ತಾರೆ, ಅಷ್ಟೇ ವ್ಯತ್ಯಾಸ. ಕುಳಿಯ ವಿಷಯ ಕೇಳಿ ತಿಳಿದಿದ್ದ ಕಾಶವ್ವನೇ ಹೇಳಿದಳು: "ನೀನ ಕಳಸು. ಗುರುತಿಲ್ಲದವರ ಕೈಲೆ ಬ್ಯಾಡ."

ಸಮಾರಂಭ ಬೆಳಗಿನ ಹೊತ್ತಿಗೆ ಇತ್ತು. ಕಾಶವ್ವ ತಾನೇ ಕಂಡಿಕೆ ಸುತ್ತಿಕೊಟ್ಟ ನೂಲಿನ ಸೀರೆ ಉಟ್ಟುಕೊಂಡು ಬಂದಿದ್ದಳು. ಮಂಡಳಿಯವರು ಹಾರ ಹಾಕಿದರು, ಮಕ್ಕಳ ಹಾಡು ಹಾಕಿದರು, ಕ್ಯಾಮೆರಾದವರು ತಾಯಿಯ ಕಣ್ಣಲ್ಲಿ ನೀರು ಬರುತ್ತದೇನೋ ಎಂದು ಕಾದರು. ಬರಲಿಲ್ಲ. ವನಮಾಲಾ ಗುಂಡಿ ಒತ್ತಿದಳು. ಚಪ್ಪಾಳೆಯಾಯಿತು. ಉತ್ತರ ಬರಲು ನಲವತ್ತು ನಿಮಿಷ ಬೇಕೆಂದು ತಿಳಿದ ಮೇಲೆ ಎಲ್ಲರೂ ಕೆಳಗೆ ಉಪ್ಪಿಟ್ಟು ತಿನ್ನಲು ಹೋದರು. ಕೊಠಡಿಯಲ್ಲಿ ವನಮಾಲಾ, ರಾಜೇಸಾಬ, ಕಾಶವ್ವ ಮೂವರೇ ಉಳಿದರು.

"ಆತೇನು?" ಎಂದಳು ಕಾಶವ್ವ.

ಕೊಠಡಿಯ ರೂಢಿ ಅವಳಿಗೆ ಹೇಗೆ ಗೊತ್ತಿರಬೇಕು? ರಾಜೇಸಾಬ ತಲೆ ತಗ್ಗಿಸಿದ.

"ಇನ್ನೂ ಇಲ್ಲ ಬೇ. ಹೊಂಟೈತಿ. ದಾರ್ಯಾಗ ಐತಿ."

"ಅಂದ್ರ ಈಗ ಆಕಿ ಹಂಗ ಅದಾಳೇನು?"

"ಅದಾಳ."

"ಮತ್ತ ತಿರುಗಿ ಕರಿ ಅದನ್ನ."

"ಬರಂಗಿಲ್ಲ ಬೇ. ಈಗ ಏನ್ ಕಳಿಸಿದ್ರೂ ಅದರ ಹಿಂದ ಹೋಗ್ತೈತಿ. ಎರಡಕ್ಕೂ ಓಟ ಒಂದ. ಇದು ಅದನ್ನ ದಾಟಂಗಿಲ್ಲ."

ಮೂಲೆಯ ಪರದೆಯಲ್ಲಿ 'ತೇಜಸ್ವಿನಿ' ಎಂದು ಮೂಡಿತು. ಇಪ್ಪತ್ತು ನಿಮಿಷದ ಹಿಂದೆ ಅಲ್ಲಿಂದ ಹೊರಟ ಮಾತು ಅದು.

"ಅದೇನು?"

"ಅಕ್ಕನ ಕುಳಿ ಮ್ಯಾಲಿನ ಪೆಟಗಿ. ಹೆಸರು ಹೇಳ್ತೈತಿ."

"ಅದಕ್ಕ ಹಳೇ ಹೆಸರು ಹೇಳಿಕೊಡು."

"ಹೇಳಿಕೊಟ್ರೂ ಅದು ಮುಟ್ಟೂದ್ರಾಗ..."

"ಹೇಳಿಕೊಡಂತೀನಿ."

ವನಮಾಲಾ ರಾಜೇಸಾಬನನ್ನು ನೋಡಿದಳು. ಅವನು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದ. "ನಾ ಚಹಾ ಕುಡಿಯಾಕತ್ತೀನ್ರಿ ಮೇಡಂ," ಎಂದ. ಅವನ ಕೈಯಲ್ಲಿ ಲೋಟ ಇರಲಿಲ್ಲ.

ಅವಳು ಹಳೆಯ ಹೆಸರು ಬರೆದಳು. ಕಳಿಸುವ ಮುನ್ನ ಕಾಶವ್ವ, "ಬಾಯಿಲೆ ಹೇಳು," ಎಂದಳು. ವನಮಾಲಾ ಪರದೆಗೆ ಬಾಯಿ ಹಚ್ಚಿ, ತೊಟ್ಟಿಲಿಗೆ ಬಗ್ಗಿದವರ ಹಾಗೆ ಬಗ್ಗಿ, "ಕುರ್ರ್... ತಿಪ್ಪವ್ವ," ಎಂದಳು. ಗುಂಡಿ ಒತ್ತಿದಳು. ಹೆಸರು ಹೊರಟಿತು, ಆಜ್ಞೆಯ ಹಿಂದೆ, ಅದೇ ವೇಗದಲ್ಲಿ.

"ಹೆಸರಿಟ್ಟಾಕಿ ಬೆನ್ನು ಕೊಡಬೇಕು," ಎಂದಳು ಕಾಶವ್ವ.

ವನಮಾಲಾ ಮೇಜಿನ ಮೇಲೆ ಹಣೆ ಇಟ್ಟು ಬೆನ್ನು ಕೊಟ್ಟಳು. ಹೊಡೆಯಲಿ ಎಂದುಕೊಂಡಳು. ಜೋರಾಗಿ ಹೊಡೆಯಲಿ, ಅತ್ತೆಗೆ ಹೊಡೆದದ್ದಕ್ಕಿಂತ ಜೋರಾಗಿ. ತಾಯಿಯ ಕೈ ಬರಲಿಲ್ಲ.

"ಈಗಲ್ಲ," ಎಂದಳು ಕಾಶವ್ವ. "ಆಕಿ ಕೇಳಿಸ್ಕೊಂಡೀನಿ ಅಂದ ಮ್ಯಾಲೆ."

ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹಾರ ಬಿಚ್ಚಿದಳು. ಹೂ ಒಂದೊಂದಾಗಿ ಕೆಳಗೆ ಬಿಟ್ಟು ದಾರವನ್ನು ಎರಡು ಬೆರಳಿಗೆ ಸುತ್ತತೊಡಗಿದಳು. ಪರದೆ ಇನ್ನೂ ಕೆಲವು ಸಲ 'ತೇಜಸ್ವಿನಿ' ಎಂದಿತು. ಪ್ರತಿ ಸಲವೂ ಕಾಶವ್ವ ತಲೆಯೆತ್ತಿ ನೋಡಿ ಮತ್ತೆ ದಾರಕ್ಕೆ ಮರಳಿದಳು. ನಲವತ್ತು ನಿಮಿಷವಾದಾಗ ದೊಡ್ಡ ಪರದೆಯ ಮೇಲೆ ಹಸಿರು ದೀಪ ಹತ್ತಿತು. ಗೂಟ ಇಳಿದಿತ್ತು, ಕೆಳಗಿನಿಂದ ಚಪ್ಪಾಳೆ ಕೇಳಿಸಿತು. ಮೂಲೆಯ ಪರದೆ ಖಾಲಿಯಾಗಿತ್ತು. ಹಳೆಯ ಹೆಸರು ಅಲ್ಲಿಗೆ ತಲುಪಿದಾಗ ಅದನ್ನು ಕೇಳಿಸಿಕೊಳ್ಳಲು ಪೆಟ್ಟಿಗೆ ಉಳಿದಿರಲಿಲ್ಲ.

"ಏನಂದ್ಲು?" ಎಂದಳು ಕಾಶವ್ವ.

ರಾಜೇಸಾಬ ಗೋಡೆಯ ಕಡೆಯಿಂದ ತಿರುಗಲಿಲ್ಲ. ವನಮಾಲಾ ಮೇಜಿನ ಮೇಲಿಂದ ಹಣೆ ಎತ್ತಲಿಲ್ಲ. ಅವಳ ಬೆನ್ನು ಬಾಗಿಯೇ ಇತ್ತು.